ಮಾದಕ ವಸ್ತು ಪರೀಕ್ಷೆ: ಶಿಕ್ಷೆಯೋ, ಎಚ್ಚರಿಕೆಯೋ?

ವ್ಯಸನವು ಕೇವಲ ದುರ್ನಡತೆಯಲ್ಲ. ಮೆದುಳನ್ನು ಆವರಿಸುವ ರೋಗವೂ ಹೌದು. ಆದುದರಿಂದಲೇ ‘ಇನ್ನು ಮುಟ್ಟುವುದಿಲ್ಲ’ ಎಂದು ನ್ಯಾಯಾಲಯದಲ್ಲಿ ಮನಃಪೂರ್ವಕವಾಗಿ ಮಾತು ಕೊಟ್ಟವನೂ ಕೆಲವೇ ದಿನಗಳಲ್ಲಿ ಎಡವುವುದುಂಟು. ಅಂಥವನನ್ನು ಸರಿದಾರಿಯಲ್ಲಿ ನಿಲ್ಲಿಸುವ ಬಗೆ ಹೇಗೆ? ಅಮೆರಿಕದ ಹವಾಯಿ ರಾಜ್ಯದಲ್ಲಿ ನಡೆದ ಪ್ರಯೋಗವೊಂದು ಈ ವಿಷಯದಲ್ಲಿ ವಿಚಾರಯೋಗ್ಯವಾಗಿದೆ.

ಆ ದೇಶದಲ್ಲಿ ಅಪರಾಧಿಯನ್ನು ಸೆರೆಮನೆಗೆ ಕಳುಹಿಸದೆ ಅಧಿಕಾರಿಯ ನಿಗಾದಲ್ಲಿ ಸಮಾಜದಲ್ಲಿಯೇ ಬಾಳಗೊಡುವುದಕ್ಕೆ ಪ್ರೊಬೇಷನ್ ಎಂದೂ, ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುವುದಕ್ಕೆ ಪೆರೋಲ್ ಎಂದೂ ಹೆಸರು. ಎರಡರಲ್ಲಿಯೂ ಮೂತ್ರಪರೀಕ್ಷೆ ಸಾಮಾನ್ಯ ಷರತ್ತು.

ಹೆರಾಯಿನ್, ಕೊಕೇನ್, ಮೆಥಾಂಫೆಟಮಿನ್‌ಗಳ ಕುರುಹು ಮೂತ್ರದಲ್ಲಿ ಸಾಮಾನ್ಯವಾಗಿ 2ರಿಂದ 4 ದಿನ ಮಾತ್ರ ಉಳಿಯುತ್ತದೆ. ಗಾಂಜಾ ನಿತ್ಯ ಸೇದುವವರಲ್ಲಿ ಅದು ಹಲವು ವಾರ ಕಾಣಿಸಿಕೊಳ್ಳಬಹುದು. ಪರೀಕ್ಷೆಯ ದಿನ ಮೊದಲೇ ತಿಳಿದಿದ್ದರೆ ನಾಲ್ಕಾರು ದಿನ ಸುಮ್ಮನಿದ್ದು ಪಾರಾಗುವುದು ಸುಲಭ. ದಿನವನ್ನು ಮುಂಚಿತವಾಗಿ ತಿಳಿಸದಿರುವುದರ ಕಾರಣ ಇದೇ.

2004ರಲ್ಲಿ ಹೊನೊಲುಲುವಿನ ನ್ಯಾಯಾಧೀಶ ಸ್ಟೀವನ್ ಆಲ್ಮ್ ಅವರು ‘ಹೋಪ್’ ಎಂಬ ಕ್ರಮವನ್ನು ಆರಂಭಿಸಿದರು. ಪ್ರೊಬೇಷನ್‌ನಲ್ಲಿರುವ ಪ್ರತಿಯೊಬ್ಬರಿಗೂ ಒಂದು ಬಣ್ಣವನ್ನು ಗೊತ್ತುಮಾಡಲಾಗುತ್ತಿತ್ತು. ಕೆಲಸದ ದಿನಗಳಲ್ಲಿ ಬೆಳಿಗ್ಗೆ ದೂರವಾಣಿ ಕರೆ ಮಾಡಿ, ತಮ್ಮ ಬಣ್ಣ ಬಂದಿದ್ದರೆ ಅಂದೇ ಪರೀಕ್ಷೆಗೆ ಹಾಜರಾಗಬೇಕು. ತಪ್ಪಿದವರಿಗೆ ತಡಮಾಡದೆ ಶಿಕ್ಷೆ. ಆದರೆ ವರ್ಷಗಟ್ಟಲೆ ಅಲ್ಲ, ಕೆಲವೇ ದಿನಗಳ ಸೆರೆ. ಮತ್ತೆ ಮತ್ತೆ ಎಡವಿದವರನ್ನು ಚಿಕಿತ್ಸೆಗೆ ಸೇರಿಸಲಾಗುತ್ತಿತ್ತು. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಹೊಸ ಅಪರಾಧಕ್ಕಾಗಿ ಬಂಧಿತರಾದವರು ಈ ಕ್ರಮದಲ್ಲಿದ್ದವರಲ್ಲಿ ಶೇ. 21, ಉಳಿದವರಲ್ಲಿ ಶೇ. 47. ಆದರೆ ಇದೇ ಮಾದರಿಯನ್ನು ಬೇರೆ ನಾಲ್ಕು ರಾಜ್ಯಗಳಲ್ಲಿ ಅನುಸರಿಸಿ ನೋಡಿದಾಗ ಬಂಧನಗಳ ಪ್ರಮಾಣದಲ್ಲಿ ಅಷ್ಟು ಅಂತರ ಕಂಡುಬರಲಿಲ್ಲವೆಂದು 2016ರ ವರದಿ ತಿಳಿಸಿತು. ಪರೀಕ್ಷೆಯೊಂದೇ ಮದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರೀಕ್ಷೆಯೂ ತಪ್ಪಬಹುದು. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆಯಿಂದಲೂ ಮೂತ್ರದಲ್ಲಿ ಮಾರ್ಫಿನ್ ಅಂಶ ಕಾಣಿಸಿಕೊಳ್ಳುತ್ತದೆ. ಈ ಕಾರಣದಿಂದ ಅಮೆರಿಕದ ಕೇಂದ್ರ ಸರ್ಕಾರವು 1998ರಲ್ಲಿ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಕೆಲವು ಔಷಧಿಗಳಿಂದಲೂ ಮೊದಲ ಪರೀಕ್ಷೆ ದಾರಿ ತಪ್ಪುವುದುಂಟು. ಆದುದರಿಂದ ಪ್ರಯೋಗಾಲಯದ ದೃಢೀಕರಣವಿಲ್ಲದೆ ಯಾರನ್ನೂ ದೋಷಿಯೆಂದು ಎಣಿಸಬಾರದು.

ಇನ್ನೊಂದು ಅಪಾಯವನ್ನು ಕುಟುಂಬದವರು ಅರಿತಿರಬೇಕು. ಸೆರೆಯಲ್ಲಿ ಹೆರಾಯಿನ್ ಬಿಟ್ಟಿದ್ದವರ ದೇಹವು ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೊರಬಂದ ಮೇಲೆ ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯ ನಂತರದ ಮೊದಲ ಎರಡು ವಾರಗಳು ಅತ್ಯಂತ ಅಪಾಯಕರ. ಆ ದಿನಗಳಲ್ಲಿ ಅವರಿಗೆ ಬೇಕಾದುದು ವೈದ್ಯರ ಚಿಕಿತ್ಸೆ ಮತ್ತು ಮನೆಯವರ ಸಾಂಗತ್ಯ.

ಪರೀಕ್ಷೆಯು ಎಡವಿದುದನ್ನು ತೋರಿಸೀತು. ಎತ್ತಿ ನಿಲ್ಲಿಸುವ ಕೈ ಮನುಷ್ಯರದೇ ಆಗಬೇಕು.