ಗುಂಡಿ ಒತ್ತಿದರೆ ಕತ್ತಲಾಗುವುದಿಲ್ಲ

ಮೊನ್ನೆ ಮೊಬೈಲಿಗೆ ಆ ಕಥೆ ಮತ್ತೆ ಬಂತು, ಈ ಸಲ ನಮ್ಮ ಬೀಗರಿಂದ. 2014ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದ ಮೇಲೆ ರಷ್ಯಾದ ಒಂಟಿ ಸು-24 ವಿಮಾನ ಒಂದು ಗುಂಡಿ ಒತ್ತಿತಂತೆ. ಅಮೆರಿಕದ ‘ಡೊನಾಲ್ಡ್ ಕುಕ್’ ಯುದ್ಧನೌಕೆಯ ರಾಡಾರ್ ಪರದೆಗಳೆಲ್ಲ ಕರೆಂಟ್ ಹೋದ ಹಾಗೆ ಕತ್ತಲಾದವಂತೆ. 27 ನಾವಿಕರು ಹೆದರಿ ರಾಜೀನಾಮೆ ಬರೆದರಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ವಿಮಾನ ಬಂದದ್ದು ನಿಜ. ಏಪ್ರಿಲ್ 12ರಂದು ಹಡಗಿನ ಬಳಿ 12 ಸಲ ಸುಳಿದು ಹೋಯಿತು. ಆದರೆ ಆ ಗುಂಡಿಯ ಹಿಂದೆ ಇತ್ತೆಂದು ಕಥೆ ಹೇಳುವ, ರಾಡಾರಿಗೆ ಅಡ್ಡಿಪಡಿಸುವ ‘ಖಿಬಿನಿ’ ಜ್ಯಾಮರ್ ಸು-34ರ ಸಾಮಾನು, ಸು-24ರಲ್ಲಿ ಅದು ಇರಲೇ ಇಲ್ಲ. ಅದನ್ನು ತಯಾರಿಸುವ ಕಂಪನಿಯವರೇ ಇದು ಕಟ್ಟುಕಥೆ ಎಂದುಬಿಟ್ಟಿದ್ದಾರೆ. ಮಾರುವವನೇ ಇಷ್ಟು ಹೊಗಳಿಕೆ ಬೇಡ ಎಂದರೂ ನಮ್ಮವರು ಬಿಡರು.

ನನಗೆ ರೇಗುವುದು ಆ ಕತ್ತಲೆಯ ಮೇಲೆ. ಜ್ಯಾಮರ್ ಪರದೆಯನ್ನು ಆರಿಸುವುದಿಲ್ಲ, ತುಂಬಿಸುತ್ತದೆ. ಅದೂ ಒಂದು ರೇಡಿಯೋ ಪ್ರೇಷಕ, ರಾಡಾರಿನ ತರಂಗಾಂತರದಲ್ಲೇ ಗದ್ದಲ ಎರಚುತ್ತದೆ. ಹಳೆಯ ದುಂಡು ಪರದೆಯಲ್ಲಾದರೆ ಒಂದು ದಿಕ್ಕಿನಲ್ಲಿ ಬೆಳ್ಳಗೆ ಪಟ್ಟೆ ಎದ್ದು, ಅದರೊಳಗೆ ವಿಮಾನದ ಚುಕ್ಕೆ ಮುಳುಗಿಹೋಗುತ್ತಿತ್ತು.

ನಮ್ಮ ಮದುವೆಯ ಗಟ್ಟಿಮೇಳದ್ದೂ ಇದೇ ಕೆಲಸ. ತಾಳಿ ಕಟ್ಟುವಾಗ ಅಪಶಕುನದ ಮಾತು, ಸೀನು ಕಿವಿಗೆ ಬೀಳಬಾರದೆಂದು ಡೋಲು ನಾಗಸ್ವರ ಒಮ್ಮೆಲೇ ಮೊಳಗಿಸುತ್ತಾರೆ. ಯಾರ ಕಿವಿಯೂ ಕೆಟ್ಟಿರುವುದಿಲ್ಲ. ಪಕ್ಕದವರು ಕಿವಿಗೇ ಬಾಯಿಟ್ಟು ಹೇಳಿದರೆ ಕೇಳಿಸುತ್ತದೆ. ರಾಡಾರಿಗೂ ಹಾಗೆಯೇ. ಜ್ಯಾಮರ್ ಹೊತ್ತ ವಿಮಾನ ಹತ್ತಿರ ಬಂದು ದೂರ ಅರ್ಧವಾದರೆ ಅದರ ಗದ್ದಲ 4 ಪಟ್ಟು ಏರುತ್ತದೆ, ಅದಕ್ಕೆ ಬಡಿದು ಮರಳುವ ರಾಡಾರಿನ ಪ್ರತಿಧ್ವನಿ 16 ಪಟ್ಟು. ಒಂದು ಹಂತದಲ್ಲಿ ಪ್ರತಿಧ್ವನಿಯೇ ಗೆಲ್ಲುತ್ತದೆ. ಸಾಲದ್ದಕ್ಕೆ ಡೋಲು ಕೇಳಿದ ಪಕ್ಕದ ಬೀದಿಯವರಿಗೂ ಮದುವೆ ಮನೆ ಯಾವ ದಿಕ್ಕಿನಲ್ಲಿದೆ ಎಂದು ತಿಳಿದುಬಿಡುತ್ತದಲ್ಲ, ಜ್ಯಾಮರಿನ ಪಾಡೂ ಅದೇ.

ಈ ಗದ್ದಲ ಎಬ್ಬಿಸುವುದನ್ನೇ ದಿನನಿತ್ಯದ ಕಸುಬು ಮಾಡಿಕೊಂಡಿದ್ದ ಪಡೆಯೊಂದು ಬ್ರಿಟನ್ನಿನಲ್ಲಿತ್ತು: 360ನೇ ಸ್ಕ್ವಾಡ್ರನ್. 1966ರಲ್ಲಿ ವಾಯುಪಡೆ, ನೌಕಾಪಡೆ ಎರಡೂ ಸೇರಿ ವಾಟನ್ ನೆಲೆಯಲ್ಲಿ ಕಟ್ಟಿದ್ದು. ವಿಮಾನ ಕ್ಯಾನ್‌ಬೆರಾ ಟಿ-17. ಲಾಂಛನದಲ್ಲಿ ತ್ರಿಶೂಲದ ಮೇಲೊಂದು ಪತಂಗ, ಬಾವಲಿಯ ಶಬ್ದಶೋಧವನ್ನು ತನ್ನ ಸದ್ದಿನಿಂದಲೇ ಗೊಂದಲಗೊಳಿಸುವ ಜಾತಿಯದು. ‘ಗೊಂದಲಗೊಳಿಸುತ್ತೇವೆ’ ಎಂಬುದು ಧ್ಯೇಯವಾಕ್ಯ. ಗಮನಿಸಿ, ಕುರುಡಾಗಿಸುತ್ತೇವೆ ಎಂದಲ್ಲ. ಇವರು ಗೊಂದಲಗೊಳಿಸುತ್ತಿದ್ದುದಾದರೂ ಯಾರನ್ನು? ತಮ್ಮವರನ್ನೇ. ತಮ್ಮದೇ ರಾಡಾರ್ ಕೇಂದ್ರಗಳು, ಹಡಗುಗಳು, ಯುದ್ಧವಿಮಾನಗಳ ಮೇಲೆ ಗದ್ದಲ ಸುರಿಯುವುದು, ಅಲ್ಲಿ ಕೂತ ಹುಡುಗರಿಗೆ ಆ ಬಿಳಿ ಪಟ್ಟೆಯೊಳಗಿಂದ ಚುಕ್ಕೆ ಹೆಕ್ಕುವುದನ್ನು ಕಲಿಸುವುದು. 28 ವರ್ಷ ಇದೇ ಕೆಲಸ. ಗುಂಡಿ ಒತ್ತಿದರೆ ಮುಗಿಯುವುದಾಗಿದ್ದರೆ ಇಷ್ಟು ಅಭ್ಯಾಸ ಯಾಕೆ ಬೇಕಿತ್ತು?

ಇದೆಲ್ಲ ಡ್ರೋನ್ ಕಾಲದ ಹೊಸ ವಿದ್ಯೆ ಎನ್ನುವವರಿಗೆ: 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ಮೇಲೆ ಬ್ರಿಟಿಷರು ರಾಡಾರನ್ನು ಗೊಂದಲಗೊಳಿಸಲು 27 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಲೇಪದ ಕಾಗದದ ಪಟ್ಟಿಗಳನ್ನು ಕಂತೆ ಕಂತೆ ಉದುರಿಸಿದರು, ಹೋದ 791 ಬಾಂಬರುಗಳಲ್ಲಿ ಮರಳದವು 12. ಜ್ಯಾಮರ್ ಇದ್ದರೆ ಜೀವಕ್ಕೆ ಭಯವಿಲ್ಲ ಎನ್ನುವವರು, ಅದೇ ಯುದ್ಧದಲ್ಲಿ ಜರ್ಮನ್ ಬಲ್ಲ ಎಂಟನೆಯ ಸಿಬ್ಬಂದಿಯನ್ನು ಬಾಂಬರಿನಲ್ಲಿ ಕೂರಿಸಿಕೊಂಡು ಶತ್ರುವಿನ ರೇಡಿಯೋ ಮಾತು ಕೆಡಿಸಲು ಹಾರುತ್ತಿದ್ದ ಬ್ರಿಟನ್ನಿನ 101ನೇ ಸ್ಕ್ವಾಡ್ರನ್ನಿನ ಸತ್ತವರ ಪಟ್ಟಿ ನೋಡಲಿ, ಉದ್ದವಿದೆ. ಈ ರಾಡಾರ್ ಯುದ್ಧವೆಂದರೆ ಬರೀ ಗದ್ದಲ ಎಂಬುದೂ ಸುಳ್ಳು. ಬೆಂಗಳೂರಿನ ಡೇರ್ ಸಂಸ್ಥೆ ರೂಪಿಸಿದ ‘ತರಂಗ್’ ಎಂಬ ಸಾಧನ ತುಟಿ ಬಿಚ್ಚುವುದೇ ಇಲ್ಲ, ಶತ್ರು ರಾಡಾರ್ ನೋಡುತ್ತಿದೆ ಎಂದು ಕೇಳಿಸಿಕೊಂಡು ಪೈಲಟ್‌ಗೆ ಹೇಳುತ್ತದೆ, ಅಷ್ಟೆ.

ಇಷ್ಟನ್ನೂ ಬರೆದು ಬೀಗರಿಗೆ ಕಳಿಸಿದೆ. “ನಿಮಗೆ ರಷ್ಯಾ ಕಂಡರೆ ಆಗೋಲ್ಲ ಬಿಡಿ” ಎಂದು ಉತ್ತರ. ರಷ್ಯಾದ ಕಂಪನಿಯ ಮಾತನ್ನು ನಂಬಿದವನು ನಾನು, ನಂಬದವರು ಅವರು! ಮುಂದಿನ ತಿಂಗಳು ಅವರ ಕಿರಿಮಗಳ ಮದುವೆ ಇದೆ, ಹೋಗುತ್ತೇನೆ. ಗಟ್ಟಿಮೇಳಕ್ಕೆ ಕಲ್ಯಾಣಮಂಟಪದ ದೀಪಗಳು ಆರಿದರೆ ಅಲ್ಲೇ ತಪ್ಪೊಪ್ಪಿಕೊಳ್ಳುವೆ.