ಚಕ್ರಕ್ಕೆ ಬಿದ್ದ ಬೀಗ: ವರ್ತಕರು ಅರಿಯಬೇಕಾದ ಕಾನೂನು

ಸರಕು ಇಳಿಸಲು ಬಂದ ಟೆಂಪೊ ಮಾರುಕಟ್ಟೆಯ ಬೀದಿಯಲ್ಲಿ ನಿಂತಿರುತ್ತದೆ. ಚಾಲಕನು ಬಿಲ್ಲಿಗೆ ಸಹಿ ಪಡೆದು ಅಂಗಡಿಯಿಂದ ಹೊರಬರುವಷ್ಟರಲ್ಲಿ ಮುಂದಿನ ಚಕ್ರಕ್ಕೆ ಕ್ಲ್ಯಾಂಪ್ ಬಿದ್ದಿರುತ್ತದೆ. ವರ್ತಕನಿಗೆ ಇಲ್ಲಿ ದಂಡಕ್ಕಿಂತ ದುಬಾರಿಯಾದುದು ಕಾಯುವ ಹೊತ್ತು. ಹಮಾಲರ ಕೂಲಿ ವ್ಯರ್ಥವಾಗುತ್ತದೆ, ಮುಂದಿನ ಟ್ರಿಪ್ ತಪ್ಪುತ್ತದೆ, ಹಣ್ಣು ತರಕಾರಿಯಾದರೆ ಮಾಲೇ ಕೆಡುತ್ತದೆ. ಇಂತಹ ಸಂದರ್ಭದಲ್ಲಿ ವಾಹನದ ಮಾಲೀಕನ ಹೊಣೆಯೇನು, ಹಕ್ಕೇನು ಎಂಬುದನ್ನು ಪ್ರತಿಯೊಬ್ಬ ವ್ಯವಹಾರಸ್ಥನೂ ತಿಳಿದಿರುವುದು ಒಳ್ಳೆಯದು.

ಅಧಿಕಾರ ಯಾರದು?

ಮೋಟಾರು ವಾಹನಗಳ ಅಧಿನಿಯಮ, 1988ರ 127ನೇ ಕಲಮು ಈ ವಿಷಯಕ್ಕೆ ಆಧಾರ. ಚಕ್ರಕ್ಕೆ ಕ್ಲ್ಯಾಂಪ್ ಹಾಕುವ ಸ್ಪಷ್ಟ ಉಲ್ಲೇಖ ಇದರಲ್ಲಿ ಸೇರಿದ್ದು 1994ರ ತಿದ್ದುಪಡಿಯಿಂದ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನಾಗಲಿ, ಕಾನೂನು ಪ್ರಕಾರ ನಿಲುಗಡೆ ನಿಷೇಧಿಸಿದ ಜಾಗದಲ್ಲಿ ನಿಲ್ಲಿಸಿದ ವಾಹನವನ್ನಾಗಲಿ ಎಳೆದೊಯ್ಯಲು ಅಥವಾ ಚಲಿಸದಂತೆ ಮಾಡಲು ಆ ವ್ಯಾಪ್ತಿಯ, ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿಯು ಅನುಮತಿ ನೀಡಬಹುದು.

ಹತ್ತು ಗಂಟೆಯ ಅವಧಿ ನಿಷೇಧಿತ ಜಾಗಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಹತ್ತು ನಿಮಿಷ ನಿಲ್ಲಿಸಿದರೂ ಕ್ರಮ ಸಾಧ್ಯ. ಇನ್ನೊಂದೆಡೆ, ಅನುಮತಿ ಕೊಡುವವನು ಪೊಲೀಸ್ ಅಧಿಕಾರಿಯೇ ಆಗಿರಬೇಕು. ಗುತ್ತಿಗೆದಾರನ ಆಳು ತಾನಾಗಿಯೇ ನಿರ್ಧರಿಸುವಂತಿಲ್ಲ. ಬೆಂಗಳೂರಿನಲ್ಲಿ ಟೋಯಿಂಗ್ ಸಿಬ್ಬಂದಿಯ ವರ್ತನೆಯ ಬಗ್ಗೆ ಸಾರ್ವಜನಿಕರ ಆಕ್ಷೇಪ ಹೆಚ್ಚಿದಾಗ, 2022ರ ಆರಂಭದಲ್ಲಿ ಸರ್ಕಾರವು ಆ ಕಾರ್ಯವನ್ನೇ ತಡೆಹಿಡಿದಿತ್ತು.

ಖಾಸಗಿ ಆವರಣ

127(1)ನೇ ಕಲಮಿನ ಮಾತು ಸಾರ್ವಜನಿಕ ಸ್ಥಳಕ್ಕೆ ಸೀಮಿತ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ ಅಥವಾ ಜಾಗ ಎಂಬುದು ಅದರ ಅರ್ಥ. ವಾಣಿಜ್ಯ ಸಂಕೀರ್ಣದ ಅಥವಾ ವಸತಿ ಸಮುಚ್ಚಯದ ಆಡಳಿತದವರು ತಾವೇ ಕ್ಲ್ಯಾಂಪ್ ಹಾಕಿ ಹಣ ಕೇಳಿದರೆ, ಅದಕ್ಕೆ ಈ ಕಲಮಿನ ಬಲವಿಲ್ಲ. ಬ್ರಿಟನ್ನಿನಲ್ಲಿ ಈ ಪ್ರಶ್ನೆ ನೇರವಾಗಿಯೇ ಇತ್ಯರ್ಥವಾಗಿದೆ. ಖಾಸಗಿ ಜಾಗದಲ್ಲಿ ಕ್ಲ್ಯಾಂಪ್ ಹಾಕಿ ಹಣ ಕೇಳುವುದು ಸುಲಿಗೆಯಾಗುತ್ತದೆಂದು ಸ್ಕಾಟ್ಲೆಂಡಿನ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನಿನ ಅಧಿಕಾರವಿಲ್ಲದೆ ಹಾಗೆ ಮಾಡುವುದು 2012ರ ಅಕ್ಟೋಬರ್ 1ರಿಂದ ಅಪರಾಧ.

ದಂಡ ಮತ್ತು ವೆಚ್ಚ

2019ರ ತಿದ್ದುಪಡಿಯ ನಂತರ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಬಾರಿಗೆ 500 ರೂಪಾಯಿವರೆಗೆ, ಮರುಕಳಿಸಿದರೆ 1,500 ರೂಪಾಯಿವರೆಗೆ ಏರಿದೆ. ಸ್ಥಳದಲ್ಲಿ ಕಟ್ಟಬೇಕಾದ ರಾಜಿ ದಂಡವನ್ನು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ಸಂಚಾರಕ್ಕೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸಿದರೆ 201ನೇ ಕಲಮಿನಡಿ 500 ರೂಪಾಯಿವರೆಗೆ ದಂಡವಿದೆ. ಆದರೆ ಅನಿರೀಕ್ಷಿತವಾಗಿ ಕೆಟ್ಟು ನಿಂತು, ತೆರವುಗೊಳಿಸುವ ಕೆಲಸ ನಡೆಯುತ್ತಿರುವ ವಾಹನಕ್ಕೆ ಇದರಿಂದ ವಿನಾಯಿತಿಯಿದೆ. ಎಳೆದೊಯ್ದ ವಾಹನದ ಟೋಯಿಂಗ್ ವೆಚ್ಚ ಮಾಲೀಕನದೇ ಎಂದು 127(3) ಹೇಳುತ್ತದೆ. ಈ ಮಾತು ಸ್ಥಳಾಂತರಿಸಿದ ವಾಹನಕ್ಕೆ ಸಂಬಂಧಿಸಿದ್ದು. ನಿಂತಲ್ಲೇ ಕ್ಲ್ಯಾಂಪ್ ಬಿದ್ದ ವಾಹನಕ್ಕೆ ಟೋಯಿಂಗ್ ವೆಚ್ಚ ಕೇಳಿದರೆ ಅದರ ಆಧಾರವನ್ನು ವಿಚಾರಿಸುವುದು ನ್ಯಾಯ.

ಚಾಲಕನು ಮಾಡಬೇಕಾದುದು

ಮೊದಲನೆಯದಾಗಿ, ಕ್ಲ್ಯಾಂಪನ್ನು ಮುರಿಯುವ ಅಥವಾ ಬಿಚ್ಚುವ ಪ್ರಯತ್ನ ಸಲ್ಲದು. ನಿಲುಗಡೆಯ ಸಣ್ಣ ತಪ್ಪು ಕ್ರಿಮಿನಲ್ ಪ್ರಕರಣವಾಗಿ ಬೆಳೆದೀತು. ಅಧಿಕಾರಿಯ ಹೆಸರು, ಠಾಣೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಬೇಕು. ನಿಷೇಧ ಫಲಕ ಎಲ್ಲಿದೆ, ಕಾಣುವಂತಿದೆಯೇ ಎಂಬುದನ್ನು ಫೋಟೊ ಸಹಿತ ದಾಖಲಿಸಬೇಕು. ರಸೀದಿಯಿಲ್ಲದೆ ಹಣ ಕೊಡಬಾರದು. ತಪ್ಪು ನಡೆದಿಲ್ಲವೆಂಬ ಖಾತ್ರಿಯಿದ್ದರೆ ರಾಜಿ ದಂಡ ಕಟ್ಟದೆ ನ್ಯಾಯಾಲಯದಲ್ಲಿ ವಾದಿಸುವ ಹಕ್ಕಿದೆ. ಆದರೆ 500 ರೂಪಾಯಿಗಾಗಿ ಅಲೆಯುವ ದಿನಗಳ ಲೆಕ್ಕವನ್ನೂ ಹಾಕಿಕೊಳ್ಳುವುದು ವಿವೇಕ.

ಈ ತೊಂದರೆಯ ಮೂಲವಿರುವುದು ಸರಕು ಇಳಿಸಲು ಗೊತ್ತುಪಡಿಸಿದ ಜಾಗದ ಕೊರತೆಯಲ್ಲಿ. 117ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರವು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ವಾಹನಗಳು ನಿಗದಿತ ಅವಧಿಗೆ ನಿಲ್ಲಬಹುದಾದ ಸ್ಥಳಗಳನ್ನು ಗುರುತಿಸಬಹುದು. ಆಯಾ ಬೀದಿಯ ವರ್ತಕರು ಒಟ್ಟಾಗಿ, ಸರಕು ಬರುವ ಹೊತ್ತು ಮತ್ತು ಬೇಕಾದ ಜಾಗದ ವಿವರದೊಡನೆ ಮನವಿ ಸಲ್ಲಿಸಿದರೆ ಅದಕ್ಕೆ ಕಾನೂನಿನ ಬೆಂಬಲವಿದೆ. ದಂಡ ಕಟ್ಟಿದ ಮೇಲೆ ಗೊಣಗುವುದಕ್ಕಿಂತ ಈ ದಾರಿ ಲಾಭದಾಯಕ.