ಜಿಗಿತದ ಎಣಿಕೆಯಿಂದ ಭಾಗಾಕಾರಕ್ಕೆ

ಕೂಡುವ, ಕಳೆಯುವ ಲೆಕ್ಕಗಳನ್ನು ಸಲೀಸಾಗಿ ಮಾಡುವ ಬಾಲಕನು ಭಾಗಾಕಾರ ಬಂದೊಡನೆ ಏಕೆ ತಡವರಿಸುತ್ತಾನೆ? 2024ರ ‘ಅಸರ್’ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ತರಗತಿಯ ನೂರು ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಸುಮಾರು 31 ಮಂದಿ ಮಾತ್ರ. ಭಾಗಾಕಾರವು ಕೇಳುವ ಪ್ರಶ್ನೆ ಯಾವುದೆಂಬುದು ತಿಳಿಯುವ ಮೊದಲೇ ಅದರ ವಿಧಾನವನ್ನು ಬಾಯಿಪಾಠ ಮಾಡಿಸುವುದು ಇದಕ್ಕೆ ಒಂದು ಕಾರಣವೆಂದು ನನಗೆ ತೋರುತ್ತದೆ.

ಗದಗ ಜಿಲ್ಲೆಯ ಗಜೇಂದ್ರಗಡದಲ್ಲಿ ನೇಕಾರಿಕೆ ಹಳೆಯ ಕಸುಬು. ಅಲ್ಲಿಯ ಮಗುವೊಂದನ್ನು ಹೀಗೆ ಕೇಳೋಣ: ಮಗ್ಗದಿಂದ 36 ಗಜ ಬಟ್ಟೆ ಇಳಿದಿದೆ, ಸೀರೆಯೊಂದಕ್ಕೆ 9 ಗಜ, ಸೀರೆಗಳೆಷ್ಟು? ಮಗು 9, 18, 27, 36 ಎಂದು ಜಿಗಿಯುತ್ತ ಎಣಿಸಲಿ. ಜಿಗಿತಕ್ಕೊಂದು ಬೆರಳು ಮಡಚಲಿ. ಬಾಯಿ ಭಾಜ್ಯವನ್ನು ಮುಟ್ಟಿದಾಗ ಮಡಚಿದ ಬೆರಳುಗಳು ನಾಲ್ಕು. ಅದೇ ಭಾಗಲಬ್ಧ.

ಶೇಷವೂ ಹೀಗೆಯೇ ಕಣ್ಣಿಗೆ ಕಾಣುವುದು. ನರಗುಂದದ ಎರೆಹೊಲದ 50 ಕಿಲೋ ಜೋಳವನ್ನು 8 ಕಿಲೋದ ಚೀಲಗಳಿಗೆ ತುಂಬಬೇಕು. 8, 16, 24, 32, 40, 48. ಮುಂದಿನ ಜಿಗಿತ 50ನ್ನು ಮೀರುತ್ತದೆ. ಆರು ಚೀಲ ತುಂಬಿ 2 ಕಿಲೋ ಉಳಿಯಿತು.

ಹಂಚಿಕೆಯ ಲೆಕ್ಕಕ್ಕೆ ಇದು ಒದಗುವುದೇ? ಒದಗುವುದು. ರೋಣದ ಮನೆಯೊಂದರಲ್ಲಿ 20 ಶೇಂಗಾ ಉಂಡಿಗಳನ್ನು ನಾಲ್ವರು ಮಕ್ಕಳಿಗೆ ಹಂಚುವರೆನ್ನೋಣ. ಒಂದು ಸುತ್ತಿಗೆ ತಲೆಗೊಂದರಂತೆ ನಾಲ್ಕು ಉಂಡಿ ಬೇಕು. 4, 8, 12, 16, 20: ಐದು ಸುತ್ತು, ಆದಕಾರಣ ತಲೆಗೆ ಐದು.

ದೊಡ್ಡ ಸಂಖ್ಯೆಗಳಿಗೆ ಜಿಗಿತವನ್ನೂ ದೊಡ್ಡದು ಮಾಡಬೇಕು. 252ನ್ನು 7ರಿಂದ ಭಾಗಿಸಲು, ಹತ್ತು ಏಳುಗಳನ್ನು ಒಟ್ಟಿಗೆ ಜಿಗಿಯೋಣ: 70, 140, 210. ಇಲ್ಲಿಗೆ 30 ಏಳುಗಳಾದವು. ಬಳಿಕ 217, 224, 231, 238, 245, 252 ಎಂದು ಇನ್ನಾರು. ಒಟ್ಟು 36. ಶಾಲೆಯಲ್ಲಿ ಗೆರೆಯೆಳೆದು ಮಾಡುವ ಭಾಗಾಕಾರವು ಈ ಎಣಿಕೆಯ ಸಂಕ್ಷಿಪ್ತ ರೂಪವೇ ಆಗಿದೆ. ಮಗ್ಗಿಯು ಜಿಗಿತಗಳನ್ನು ನೆನಪಿನಲ್ಲಿಟ್ಟು ಕೆಲಸವನ್ನು ಬೇಗನೆ ಮುಗಿಸುತ್ತದೆ.

ಈ ಎಣಿಕೆ ಎಳೆಯರಿಗಷ್ಟೇ ಎಂದು ತಿಳಿಯಬಾರದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಹೇಳಿದನು. ಏನನ್ನೂ ತೆಗೆಯದಿದ್ದರೆ ರಾಶಿ ಹಾಗೆಯೇ ಉಳಿಯುವುದು ನಿಜ. ಆದರೆ ಉಳಿದುದೆಷ್ಟು ಎಂದಲ್ಲ, ಜಿಗಿತಗಳೆಷ್ಟು ಎಂದು ಭಾಗಾಕಾರ ಕೇಳುತ್ತದೆ. ಸೊನ್ನೆ, ಸೊನ್ನೆ ಎಂದು ದಿನವಿಡೀ ಎಣಿಸಿದರೂ 12ನ್ನು ತಲುಪಲಾಗದು. ಆದುದರಿಂದಲೇ ಇಂದಿನ ಅಂಕಗಣಿತದಲ್ಲಿ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ. ಅಷ್ಟು ದೊಡ್ಡ ಗಣಿತಜ್ಞನು ಎಡವಿದ ಸ್ಥಳವನ್ನು ಬೆರಳು ಮಡಚಿ ಎಣಿಸುವ ಮಗು ಕಾಣಬಲ್ಲದು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನೀವು ಅಳೆಯುವುದೂ ಇದೇ ಬಗೆಯದು. ಮೇಜು 2 ಮೀಟರು ಉದ್ದವಿದೆ ಎಂದರೆ, ಮೀಟರಿನ ಅಳತೆ ಅದರಲ್ಲಿ ಎರಡು ಸಲ ಅಡಗಿದೆ ಎಂದರ್ಥ.

ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಭಾಗಾಕಾರಕ್ಕೆ ಹೆದರಿ ಕುಳಿತಿದ್ದರೆ, ಪಾಟಿಯನ್ನು ಬದಿಗಿರಿಸಿ. ಹಿಡಿ ಹುಣಸೆಬೀಜ ತಂದು, ಮೂರು ಮೂರಾಗಿ ಸರಿಸುತ್ತ ಎಣಿಸಲು ಹೇಳಿರಿ. ಉತ್ತರವನ್ನು ನೀವು ಹೇಳಬೇಡಿರಿ. ಅದನ್ನು ಬೆರಳುಗಳೇ ಹೇಳುವುವು.